ಕೆನೆ ಕುದುರೆ ಕೆನೆದ್ರೆ ನಗದೆ ಇನ್ನೇನ್ಮಾಡ್ತಾರೆ (ಬ್ರಂಬಿ ಅನುವಾದ, ಅಪ್‌ಡೇಟ್ 6)

ಮೂರು ವಾರದಿಂದ ಒಂದೇ ಒಂದು ಪದಕ್ಕೆ ಸಿಕ್ಕಾಕ್ಕೊಂಡು ಕೂತಿದ್ದೆ, ಮೊನ್ನೆ ರಾತ್ರಿ ಹನ್ನೊಂದೂವರೆಗೆ ಕೊನೆಗೂ ಸಿಕ್ತು. ಬೆಳಗ್ಗೆ ತಿಂಡಿ ಹೊತ್ತಿಗೆ ಮತ್ತೆ ಕೈ ತಪ್ಪೋಯ್ತು. ಅದನ್ನೇ ಹೇಳೋಕೆ ಬಂದಿದೀನಿ.

ಗೊತ್ತಿಲ್ದೋರಿಗೆ ಒಂದು ಸಾಲು: ಆಸ್ಟ್ರೇಲಿಯಾದ ಲೇಖಕಿ ಎಲಿನ್ ಮಿಚೆಲ್ 1958ರಲ್ಲಿ ಬರೆದ ಕುದುರೆ ಕಥೆ ‘ದಿ ಸಿಲ್ವರ್ ಬ್ರಂಬಿ’ನ ಮಗಳಿಗೆ ರಾತ್ರಿ ಓದಿ ಹೇಳೋಕೆ ಅಂತ ಕನ್ನಡಕ್ಕೆ ತರ್ತಿದೀನಿ. ಆಯಮ್ಮನೂ ಮೊದಲು ಬರೆದಿದ್ದು ತನ್ನ ಮಗಳಿಗೋಸ್ಕರನೇ. ತೀರ್ಕೊಂಡಿದ್ದು 2002ರಲ್ಲಿ, ಅಂದ್ರೆ ಹಕ್ಕು ಇನ್ನೂ ಇದೆ, ಇದು ಮನೆಮಟ್ಟಿಗೆ ಮಾತ್ರ, ದಯವಿಟ್ಟು ಯಾರೂ ಪಿಡಿಎಫ್ ಕೇಳ್ಬೇಡಿ.

ನಾಲ್ಕನೇ ಅಧ್ಯಾಯದ ತನಕ ಕರಡು ಆಗಿದೆ. ಟ್ರಾಟ್‌ಗೆ ಕುಕ್ಕುಲೋಟ, ಗ್ಯಾಲಪ್‌ಗೆ ನಾಗಾಲೋಟ, ಕುದುರೆಗಳಿಗೆ ‘ಅದು’ ಅಲ್ಲ ‘ಅವನು’ ‘ಅವಳು’, ಇವೆಲ್ಲ ಹಿಂದಿನ ಅಪ್‌ಡೇಟ್‌ಗಳ ಹಳೇ ಜಗಳ, ಮತ್ತೆ ಎತ್ತಲ್ಲ. ಬ್ರಂಬಿನ ಬ್ರಂಬಿ ಅಂತಲೇ ಬಿಟ್ಟಿದೀನಿ. ಹಾಗೆ ನೋಡಿದ್ರೆ ಅವು ಹುಟ್ಟಾ ಕಾಡುಪ್ರಾಣಿ ಅಲ್ಲ, ಯುರೋಪಿನೋರು ಹಡಗಲ್ಲಿ ಆಸ್ಟ್ರೇಲಿಯಾಕ್ಕೆ ತಂದ ಸಾಕುಕುದುರೆಗಳು ತಪ್ಪಿಸ್ಕೊಂಡು ಬೆಟ್ಟ ಸೇರಿ ಬೆಳೆಸಿದ ಸಂತಾನ, ಹಾಗಾಗಿ ಕರೆಕ್ಟಾದ ಪದ ‘ಬೀಡಾಡಿ ಕುದುರೆ’, ಆದ್ರೆ ಹಾಗಂದ ತಕ್ಷಣ ಕಣ್ಮುಂದೆ ಬರೋದು ಪಾಲಿಕೆ ಗಾಡಿ ಮತ್ತೆ ಹಗ್ಗ ಹಿಡ್ಕೊಂಡು ನಿಂತ ಇಬ್ರು.

ಸರಿ, ಸಮಸ್ಯೆಗೆ ಬರೋಣ. ಕಥೆಯ ನಾಯಕ ಥೌರಾ, ಬಿರುಗಾಳಿ ರಾತ್ರಿ ಹುಟ್ಟಿದ ಮರಿ, ಹೆಸರಿಗೆ ಗಾಳಿ ಅಂತಲೇ ಅರ್ಥ. ಬಣ್ಣ ಕ್ರೀಮ್. ಅವರಮ್ಮ ಬೆಲ್ ಬೆಲ್‌ದೂ ಕ್ರೀಮ್. ಇಡೀ ಪುಸ್ತಕ ನಿಂತಿರೋದೇ ಈ ಬಣ್ಣದ ಮೇಲೆ, ಯಾಕಂದ್ರೆ ಕಥೆ ನಡೆಯೋ ಆಸ್ಟ್ರೇಲಿಯಾದ ಸ್ನೋಯಿ ಮೌಂಟನ್ಸ್ ಬೆಟ್ಟಗಳಲ್ಲಿ ಬೇಸಿಗೆ ಬಂದ್ರೆ ಈ ಮೈ ಮೈಲಿ ದೂರಕ್ಕೂ ಕಾಣತ್ತೆ, ಕಂಡ ದನಗಾಹಿಗಳಿಗೆಲ್ಲ ಅವನನ್ನ ಹಿಡೀಬೇಕು, ಅದೇ ಹಿಮ ಬಿದ್ರೆ ಮಾತ್ರ ಅವನು ಅದ್ರಲ್ಲೇ ಕರಗಿ ಹೋಗ್ತಾನೆ. ಅದಕ್ಕೆ ‘ಬಿಳಿ’ ಅಂತ ಹಾಕಿ ಕೈ ತೊಳ್ಕೊಳ್ಳೋಕೆ ಆಗಲ್ಲ. ‘ಬೆಳ್ಳಿ’ನೂ ಆಗಲ್ಲ, ಅದು ದೊಡ್ಡವನಾದ ಮೇಲೆ ಅವನ ಬಾಲಕ್ಕೆ, ಕತ್ತಿನ ಕೂದಲಿಗೆ ಬರೋ ಬಣ್ಣ, ಈಗಲೇ ಖರ್ಚು ಮಾಡಿದ್ರೆ ಆಮೇಲೆ ನನ್ನ ಕೈಲಿ ಏನೂ ಇರಲ್ಲ.

ಕೆನೆ ಅಂತ ಹಾಕಿ ಅಂತೀರಾ? ನಾನೂ ಹಾಕಿದ್ದೆ. ‘ಕೆನೆಬಣ್ಣದ ಬೆಲ್ ಬೆಲ್ ಕತ್ತಲಲ್ಲಿ ಮೆಲ್ಲಗೆ ಕೆನೆದಳು’ ಅಂತ ಗಂಭೀರವಾಗಿ ಗಂಟಲು ಸರಿ ಮಾಡ್ಕೊಂಡು ಓದಿದೆ, ಮಗಳು ಹಾಸಿಗೆ ಮೇಲೆ ಬಿದ್ದು ಬಿದ್ದು ನಕ್ಕಳು. ‘ಅಪ್ಪ, ಕೆನೆ ಕುದುರೆ ಕೆನೆದ್ರೆ ಮೊಸರು ಕುದುರೆ ಏನ್ಮಾಡತ್ತೆ?’ ಮುಗೀತು, ಬಿರುಗಾಳಿನೂ ಹೋಯ್ತು ರಾತ್ರಿನೂ ಹೋಯ್ತು. ಕೆನೆದಳು ಬದಲು ಹೇಷಾರವ ಅಂತ ಮಾಡಿ ನೋಡಿದೆ, ಕುದುರೆ ಹೋಗಿ ಯಕ್ಷಗಾನದ ರಾಜ ಬಂದ್ಬಿಟ್ಟ. ಕೆನೆಯೋದು ಬಿಡೋಕಾಗಲ್ಲ, ಕುದುರೆ ಪುಸ್ತಕ ಇದು, ಪುಟಕ್ಕೆರಡು ಸಲ ಕೆನೀತವೆ. ಹಾಗಾಗಿ ಬಣ್ಣನೇ ಹೋಗಬೇಕು.

ದಂತದ ಬಣ್ಣ (ಆನೆ ನೆನಪಾಗತ್ತೆ), ಗಂಧ (ದೇವರಮನೆ), ಬೆಣ್ಣೆ (ಕೃಷ್ಣ), ಹೀಗೆ ಒಂದು ವಾರ ಹೋಯ್ತು.

ಇದರ ಮಧ್ಯೆ ಮಾರಾಟಗಾರರ ಕಾಟ. ನನ್ನ ಕಾಪಿಲಿ ಮಧ್ಯದ ಹದಿನಾರು ಪುಟ ಇಲ್ಲ, ಅದಕ್ಕೆ ಆನ್‌ಲೈನಲ್ಲಿ ಇನ್ನೊಂದು ಸೆಕೆಂಡ್ ಹ್ಯಾಂಡ್ ತರಿಸಿದೆ, ‘ಪೂರ್ತಿ ಪುಸ್ತಕ, ಗುಡ್ ಕಂಡೀಷನ್’ ಅಂತ ಬರೆದಿದ್ದ ಪುಣ್ಯಾತ್ಮ, ಬಿಚ್ಚಿ ನೋಡಿದ್ರೆ ಮಕ್ಕಳಿಗೆ ಅಂತ ಕತ್ತರಿಸಿ ಚಿಕ್ಕದು ಮಾಡಿದ ಆವೃತ್ತಿ. ಮಕ್ಕಳ ಪುಸ್ತಕಾನ ಮಕ್ಕಳಿಗೆ ಅಂತ ಇನ್ನೇನು ಕತ್ತರಿಸ್ತಾರೋ. ಪ್ರಿಂಟ್ ಅಂಗಡಿಯೋರು ಯೂನಿಕೋಡ್ ಬರಲ್ಲ ಸಾರ್ ಅಂತ ಹಳೇ ಫಾಂಟಿಗೆ ಕನ್ವರ್ಟ್ ಮಾಡಿ, ಮೂರು ಪುಟದ ಅರ್ಕಾವತ್ತುಗಳನ್ನೆಲ್ಲ ನಾಪತ್ತೆ ಮಾಡಿ ಕೊಟ್ಟಿದಾರೆ, ದುಡ್ಡು ಮಾತ್ರ ಪೂರ್ತಿ ತಗೊಂಡ್ರು.

ಆಮೇಲೆ ಬುದ್ಧಿ ಬಂತು, ಕುದುರೆ ಕಟ್ಟಿ ಬದುಕಿದ ಕಾಲದೋರನ್ನೇ ಕೇಳೋಣ ಅಂತ ಹಳೇ ನಿಘಂಟುಗಳಿಗೆ ಕೈ ಹಾಕಿದೆ. 12ನೇ ಶತಮಾನದ ಹೇಮಚಂದ್ರನ ಅಭಿಧಾನಚಿಂತಾಮಣಿಲಿ ಕುದುರೆ ಬಣ್ಣಕ್ಕೇ ಒಂದು ಸಾಲು ಪದಗಳಿವೆ ಸ್ವಾಮಿ! ಕಪ್ಪಿಗೆ ಖುಂಗಾಹ, ಕೆಂಪಿಗೆ ಕ್ರಿಯಾಹ, ಪೀಯೂಷದ ಬಣ್ಣಕ್ಕೆ ಸೇರಾಹ. ಸಂಸ್ಕೃತ ಅನ್ನೋದಕ್ಕಿಂತ ಕುದುರೆ ವ್ಯಾಪಾರಿಗಳ ಬಾಯಿಂದ ಬಿದ್ದ ಹಾಗೆ ಕೇಳ್ಸತ್ವೆ. ಸೇರಾಹ ಅಂತ ಬರೆದ್ರೆ ನನ್ನ ಮಗಳು ಹತ್ರ ಬರಲ್ಲ, ಅದು ಬಿಡಿ, ಆದ್ರೆ ಪೀಯೂಷ ಅಂದ್ರೆ ಅಮೃತ ಅಲ್ವಾ, ಅಮೃತಕ್ಕೆ ಯಾವ ಬಣ್ಣ ಅಂತ ಅಮರಕೋಶ ತೆಗೆದೆ. ಅಲ್ಲಿ ಪೀಯೂಷಕ್ಕೆ ಇನ್ನೊಂದು ಅರ್ಥ: ಆಗ ತಾನೇ ಈಯ್ದ ಹಸುವಿನ ಹೊಸ ಹಾಲು.

ಗಿಣ್ಣುಹಾಲು!

ಕುರ್ಚಿಯಿಂದ ಎದ್ದೇ ಬಿಟ್ಟೆ. ಬಿಳಿ ಅಲ್ಲ ಹಳದಿ ಅಲ್ಲ, ಮಂದವಾದ ಆ ಬಣ್ಣ, ಅದೂ ಹುಟ್ಟಿದ ಮರಿ ಮೊದಲು ಕುಡಿಯೋ ಹಾಲು, ಅದೂ ಥೌರಾ ಹುಟ್ಟೋ ಅಧ್ಯಾಯದಲ್ಲೇ. ‘ಗಿಣ್ಣುಹಾಲಿನ ಮೈಬಣ್ಣದ ಮರಿ.’ ಈ ಪ್ರಾಜೆಕ್ಟಲ್ಲಿ ಇದಕ್ಕಿಂತ ಒಳ್ಳೇ ಸಾಲು ನಾನು ಬರೆದಿಲ್ಲ.

ಬೆಳಗ್ಗೆ ದೋಸೆ ಮುಂದೆ ಕೂತು ಓದಿ ಹೇಳಿದೆ. ಮಗಳು ಯೋಚನೆ ಮಾಡಿ ಕೇಳಿದ್ಲು, ‘ಗಿಣ್ಣು ಅಂದ್ರೆ ಚೀಸ್ ಅಲ್ವಾ?’ ಎಲ್ಲೋ ಚೀಸ್‌ಗೆ ಕನ್ನಡ ಪದ ಅಂತ ನೋಡಿದಾಳೆ. ಬೆಂಗಳೂರಲ್ಲಿ ಹುಟ್ಟಿದ ಮಗು, ಒಂದ್ಸಲನೂ ತಿಂದಿಲ್ಲ, ತಪ್ಪು ನಂದೇ. ಸಂಜೆ ಅಂಗಡಿಯಿಂದ ಗಿಣ್ಣು ತಂದೆ, ಪುಡಿಯಿಂದ ಮಾಡಿದ್ದು, ಬೆಲ್ಲ ಹಾಕಿ ಕಂದು ಆಗೋಗಿತ್ತು. ಅವಳು ಚಮಚದಲ್ಲಿ ಅಲುಗಾಡಿಸಿ, ‘ಇದು ಥೌರಾ ಅಲ್ಲ, ಅವರಪ್ಪ’ ಅಂದ್ಲು. ನ್ಯಾಯವಾಗೇ ಇದೆ, ಅಪ್ಪ ಯರ್ರಮನ್ ಚೆಸ್ಟ್‌ನಟ್ ಕುದುರೆ, ನನ್ನ ಕರಡಲ್ಲಿ ‘ಕೆಂದ’.

ಅಂದ್ಹಾಗೆ ಹುಡುಕ್ತಾ ಹುಡುಕ್ತಾ ಇನ್ನೊಂದು ಸಿಕ್ತು, ಮುಂದಿನ ಪ್ರಾಜೆಕ್ಟ್ ಅದೇ. ಈ ಎಲಿನ್ ಮಿಚೆಲ್ ಅವರಪ್ಪ ಯಾರು ಗೊತ್ತಾ, ಆಸ್ಟ್ರೇಲಿಯಾ ಸೈನ್ಯದ ಜನರಲ್ ಹ್ಯಾರಿ ಶೋವೆಲ್. ಮೊದಲ ಮಹಾಯುದ್ಧದಲ್ಲಿ, 1918ರಲ್ಲಿ, ಪ್ಯಾಲೆಸ್ಟೈನ್‌ನಲ್ಲಿ ಅವನ ಕುದುರೆ ಸೈನ್ಯ ಡೆಸರ್ಟ್ ಮೌಂಟೆಡ್ ಕೋರ್ ಒಳಗೇ ಇದ್ರು ನಮ್ಮ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್, ಸೆಪ್ಟೆಂಬರ್ 23ಕ್ಕೆ ಜೋಧಪುರದೋರ ಜೊತೆ ಸೇರಿ ಹೈಫಾ ಹಿಡಿದ್ರಲ್ಲ, ಅವ್ರೇ. ಮತ್ತೆ ಆಗಿನ ಇಂಡಿಯನ್ ಸೈನ್ಯಕ್ಕೆ ಹಡಗುಗಟ್ಟಲೆ ಬರ್ತಿದ್ದ ವೇಲರ್ ಕುದುರೆಗಳು ಆಸ್ಟ್ರೇಲಿಯಾದವು. ಅಂಥದೊಂದು ಕುದುರೆ ಮದ್ರಾಸಿನಲ್ಲಿ ಇಳಿದು ಬೆಂಗಳೂರಿಗೆ ಬಂದು ಹೈಫಾ ತನಕ ಹೋದ್ರೆ? ಇದು ಅನುವಾದ ಅಲ್ಲ, ನಾನೇ ಬರೆಯೋದು. ಮೊದಲ ಪ್ಯಾರಾ ಆಗಲೇ ಬರೆದಿಟ್ಟಿದೀನಿ, ಬೈಬೇಡಿ, ಇದನ್ನ ಮುಗಿಸ್ತೀನಿ.

ಸದ್ಯಕ್ಕೆ ‘ಗಿಣ್ಣುಹಾಲು’ ಪೆನ್ಸಿಲ್‌ನಲ್ಲಿದೆ. ನಮ್ಮ ಹಾಲಿನವರ ಕೊಟ್ಟಿಗೆಲಿ ಒಂದು ಹಸು ತುಂಬಿದೆ, ಇನ್ನು ಹದಿನೈದು ದಿನ ಅಂದ್ರು, ಈಯ್ದ್ರೆ ಕರು ಕುಡಿದು ಮಿಕ್ಕಿದ್ದನ್ನ ಒಂದು ಲೋಟ ಕೊಡ್ತಾರಂತೆ. ಬಣ್ಣ ಕಣ್ಣಾರೆ ನೋಡೋ ತನಕ ಐದನೇ ಅಧ್ಯಾಯ ಕೇಳಲ್ಲ ಅಂತ ಮಗಳು ಹಠ ಹಿಡಿದಿದಾಳೆ, ದಿನಾ ಹಾಲಿನವರಿಗೆ ಫೋನ್ ಮಾಡು ಅಂತ ಪ್ರಾಣ ತಿಂತಾಳೆ.