ಅಹವಾಲು ಸಭೆಯ ಕೊನೆಯ ಅರ್ಧ ಗಂಟೆ

ನಮ್ಮ ಪಂಚಾಯಿತಿ ಮೇಲೆ ಹಾದು ಹೋಗುವ ಹೆದ್ದಾರಿಯ ಅಗಲೀಕರಣಕ್ಕೆ ಪರಿಸರ ಅಹವಾಲು ಸಭೆ, ಅಂದರೆ ಯೋಜನೆ ಬಗ್ಗೆ ಜನರ ಮಾತು ಕೇಳಿ ದಾಖಲಿಸುವ ಸಭೆ, ಮುಗಿದು ಬಹಳ ಸಮಯವಾಯಿತು. ಆ ಸಭೆಯ ಕೊನೆಯ ಅರ್ಧ ಗಂಟೆ ಮಾತ್ರ ನನಗೆ ಇನ್ನೂ ಚುಚ್ಚುತ್ತದೆ. ನಾನು ಹಾಸನ ಜಿಲ್ಲೆಯಲ್ಲಿ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ಆಲೂರು, ಸಕಲೇಶಪುರ ಕಡೆಯ ಪಂಚಾಯಿತಿ. ಊರಿನ ಹೆಸರು, ಕಂಪನಿಯ ಹೆಸರು ಬೇಡ. ಹೊಸದಾಗಿ ಕೆಲಸಕ್ಕೆ ಬಂದಿರುವ ಪಿಡಿಒಗಳು, ಹೊಸದಾಗಿ ಗೆದ್ದಿರುವ ಸದಸ್ಯರು ಓದಲಿ ಅಂತ ಬರೆಯುತ್ತಿದ್ದೇನೆ.

ಸಭೆಗೆ ಮುಂಚೆ ಕರಡು ಇಐಎ ವರದಿ, ಅಂದರೆ ಯೋಜನೆಯಿಂದ ಪರಿಸರದ ಮೇಲಾಗುವ ಪರಿಣಾಮದ ವರದಿ, ಟಪ್ಪಾಲಿನಲ್ಲಿ ಬರುತ್ತದೆ. ದಪ್ಪ ಪುಸ್ತಕ, ಪೂರ್ತಿ ಇಂಗ್ಲಿಷ್. ಜೊತೆಗೆ ಕನ್ನಡದಲ್ಲಿ ತೆಳ್ಳನೆ ಸಾರಾಂಶ. ಕೇಂದ್ರದ 2006ರ ಇಐಎ ಅಧಿಸೂಚನೆ ಪ್ರಕಾರ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರ, ಯೋಜನೆ ಹಾದು ಹೋಗುವ ಊರುಗಳ ಸ್ಥಳೀಯ ಸಂಸ್ಥೆಗಳು, ಎಲ್ಲ ಕಡೆ ಪ್ರತಿ ಇಡಬೇಕು. ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟ ಮೇಲೆ ಸಭೆಗೆ ಕನಿಷ್ಠ 30 ದಿನ ಇರಬೇಕು. ಆ 30 ದಿನ ಇರುವುದೇ ಜನ ಬಂದು ಓದಲಿ ಅಂತ. ಆದರೆ ಎಷ್ಟೋ ಪಂಚಾಯಿತಿಗಳಲ್ಲಿ ಇನ್‌ವರ್ಡ್ ನಂಬರ್ ಬಿದ್ದ ತಕ್ಷಣ ಪುಸ್ತಕ ಬೀರು ಸೇರುತ್ತದೆ. ಸಭೆ ಮುಗಿಯುವ ತನಕ ಅಲ್ಲೇ ಇರುತ್ತದೆ.

ಯಾಕೆ ಹೀಗೆ ಅಂತ ನನಗೆ ಗೊತ್ತು. ಅದೇ ತಿಂಗಳು ತೆರಿಗೆ ವಸೂಲಿ ಗುರಿ ಇರುತ್ತದೆ. ಉದ್ಯೋಗ ಖಾತ್ರಿ ಹಾಜರಾತಿ ಫೋಟೊ ಅಪ್‌ಲೋಡ್ ಆಗಿಲ್ಲ ಅಂತ ತಾಲ್ಲೂಕಿನಿಂದ ಫೋನ್ ಬರುತ್ತದೆ. ಇ-ಸ್ವತ್ತು ಅರ್ಜಿ ಬಾಕಿ ಎಷ್ಟು ಅಂತ ವಿ.ಸಿ.ಯಲ್ಲಿ (ವಿಡಿಯೊ ಸಭೆಯಲ್ಲಿ) ಎಲ್ಲರ ಎದುರು ಕೇಳುತ್ತಾರೆ. ಕರಡು ವರದಿ ಓದಿದ್ದೀರಾ ಅಂತ ಇದುವರೆಗೆ ಯಾವ ವಿ.ಸಿ.ಯಲ್ಲೂ ಯಾರೂ ಕೇಳಿಲ್ಲ. ಕೇಳಬೇಕಿತ್ತು. ಉದ್ಯೋಗ ಖಾತ್ರಿ ಕಾಮಗಾರಿಯಲ್ಲಿ ಎಡವಟ್ಟಾದರೆ ಮುಂದಿನ ವರ್ಷ ಸರಿ ಮಾಡಬಹುದು. ಹೆದ್ದಾರಿಯನ್ನು ತಪ್ಪು ಕಡೆ ಎತ್ತರಿಸಿದರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಹಾಗೇ ಇರುತ್ತದೆ.

ಹೆದ್ದಾರಿ ವಿಷಯದಲ್ಲಿ ಪಂಚಾಯಿತಿಯ ಮಾತು ನಡೆಯುವ ಜಾಗಗಳು ಬಹಳ ಕಡಿಮೆ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಸಾಮಾಜಿಕ ಪರಿಣಾಮದ ಅಧ್ಯಯನ ಇದೆ, ಅದಕ್ಕೆ ಪಂಚಾಯಿತಿ ಜೊತೆ ಸಮಾಲೋಚನೆ ಮಾಡಬೇಕು. ಆದರೆ ರಾಷ್ಟ್ರೀಯ ಹೆದ್ದಾರಿಗೆ ಜಮೀನು ಹೋಗುವುದು 1956ರ ಹೆದ್ದಾರಿ ಕಾಯ್ದೆಯಲ್ಲಿ. ಪರಿಹಾರದ ಲೆಕ್ಕ ಮಾತ್ರ 2013ರ ಕಾಯ್ದೆಯಿಂದ ಬರುತ್ತದೆ, ಆ ಅಧ್ಯಯನ ಬರುವುದಿಲ್ಲ. ಹೀಗಾಗಿ ನಮ್ಮ ಹಳ್ಳ, ಕೆರೆ, ದಾರಿ ಬಗ್ಗೆ ಅಧಿಕೃತವಾಗಿ ಹೇಳುವ ಮುಖ್ಯ ಅವಕಾಶ ಅಂದರೆ ಈ ಅಹವಾಲು ಸಭೆ. ಅದನ್ನೂ ಬಿಟ್ಟರೆ ಆಮೇಲೆ ಅರ್ಜಿ ಹಿಡಿದು ಅಲೆಯಬೇಕು.

ಜನ ಇನ್ನೊಂದು ವಿಷಯದಲ್ಲಿ ಗೊಂದಲ ಮಾಡಿಕೊಳ್ಳುತ್ತಾರೆ. ಜಮೀನಿನ ಆಕ್ಷೇಪಣೆ ಬೇರೆ, ಅಹವಾಲು ಸಭೆ ಬೇರೆ. ಹೆದ್ದಾರಿ ಕಾಯ್ದೆಯ 3ಎ ಅಧಿಸೂಚನೆ, ಅಂದರೆ ಈ ಜಮೀನು ಬೇಕು ಅನ್ನುವ ಪ್ರಕಟಣೆ, ಗೆಜೆಟ್‌ನಲ್ಲಿ ಬಂದ ಮೇಲೆ ಭೂಸ್ವಾಧೀನ ಅಧಿಕಾರಿಗೆ ಆಕ್ಷೇಪಣೆ ಕೊಡಲು ಇರುವುದು 21 ದಿನ ಮಾತ್ರ. 3ಡಿ, ಅಂದರೆ ಸ್ವಾಧೀನದ ಘೋಷಣೆ, ಆಯಿತು ಅಂದರೆ ಜಮೀನು ಕೇಂದ್ರ ಸರ್ಕಾರದ್ದು. ನಮ್ಮಲ್ಲಿ ಸುಮಾರು ಜನ ಆ 21 ದಿನ ಸುಮ್ನೆ ಬಿಟ್ಟರು. ಗುಂಟೆಗೆ ಎಷ್ಟು ಕೊಡ್ತೀರಾ ಅಂತ ಅಹವಾಲು ಸಭೆಯಲ್ಲಿ ಮೈಕ್ ಹಿಡಿದು ಕೇಳಿದರು. ಅವರ ನೋವು ನಿಜ. ಈ ಭಾಗದಲ್ಲಿ ಯೋಜನೆ ಅಂದರೆ ಹಿರಿಯರಿಗೆ ಗೊರೂರಿನ ಅಣೆಕಟ್ಟೆ ನೆನಪಾಗುತ್ತದೆ. ಆ ಹೇಮಾವತಿ ಅಣೆಕಟ್ಟೆ ಮುಗಿದಿದ್ದು 1979ರಲ್ಲಿ. ಅಹವಾಲು ಸಭೆ ಕಡ್ಡಾಯವಾಗಿದ್ದು 1997ರಲ್ಲಿ. ಮುಳುಗಡೆಯಲ್ಲಿ ಊರು ಬಿಟ್ಟವರಿಗೆ ಒಂದು ಮೈಕ್ ಕೂಡ ಸಿಕ್ಕಿರಲಿಲ್ಲ. ಅದಕ್ಕೇ ಮೈಕ್ ಸಿಕ್ಕಿದಾಗ ಎಲ್ಲ ಒಟ್ಟಿಗೆ ಹೊರಗೆ ಬರುತ್ತದೆ. ಆದರೆ ದರ ತೀರ್ಮಾನ ಮಾಡುವ ಅಧಿಕಾರ ಆ ವೇದಿಕೆಗೆ ಇಲ್ಲ.

ನಮ್ಮ ಪಂಚಾಯಿತಿ ಈ ಸಲ ಪುಸ್ತಕ ತೆರೆಯಿತು. ಅದರ ಪುಣ್ಯ ಊರಿನ ಇಬ್ಬರಿಗೆ ಸೇರಬೇಕು. ಒಬ್ಬ ಸಿವಿಲ್ ಡಿಪ್ಲೊಮಾ ಓದಿದ ಹುಡುಗ. ಇನ್ನೊಬ್ಬರು ಕೆರೆಯ ನೀರುಗಂಟಿ, ಅಂದರೆ ಹೊಲಗಳಿಗೆ ನೀರು ಬಿಡುವವರು, ಆಗಿದ್ದ ವಯಸ್ಸಾದ ಗೌಡರು. ಹುಡುಗ ವರದಿಯ ಕೊನೆಯಲ್ಲಿದ್ದ ಕಲ್ವರ್ಟ್ (ರಸ್ತೆಯಡಿಯ ಮೋರಿ) ಪಟ್ಟಿ ಓದಿ ಚೈನೇಜ್, ಅಂದರೆ ರಸ್ತೆಯ ಎಷ್ಟನೇ ಕಿಲೋಮೀಟರ್ ಅನ್ನುವುದನ್ನು, ಹೇಳುತ್ತಿದ್ದ. ಗೌಡರು ಆ ಜಾಗ ಯಾವುದು ಅಂತ ಹೇಳುತ್ತಿದ್ದರು. ಒಂದು ಕಡೆ ಬಂದು ನಿಂತುಬಿಟ್ಟರು. ನಮ್ಮ ಕೆರೆಗೆ ನೀರು ತರುವ ಹಳ್ಳ ರಸ್ತೆ ದಾಟುವ ಜಾಗ ಅದು. ಪಟ್ಟಿಯಲ್ಲಿ ಅಲ್ಲಿಗೆ ಒಂದು ಹ್ಯೂಮ್ ಪೈಪ್ (ಸಿಮೆಂಟ್ ಕೊಳವೆ) ಅಂತ ಇತ್ತು, ಅಷ್ಟೇ.

"ಬೇಸಿಗೇಲಿ ಬಂದು ಅಳತೆ ಮಾಡವ್ರೆ ಕಣಮ್ಮ," ಅಂದರು ಗೌಡರು. "ಪುಷ್ಯ ಮಳೇಲಿ ಬಂದು ನೋಡ್ಲಿ, ಹಳ್ಳ ಎಷ್ಟಗಲ ಬತ್ತದೆ ಅಂತ."

ಸರ್ವೆ ಮಾಡಿದವರ ಮೇಲೆ ನನಗೆ ಕೋಪವಿಲ್ಲ. ಒಣಗಿದ ಹಳ್ಳ ನೋಡಿದವರಿಗೆ ಮಲೆನಾಡಿನ ಸೆರಗಿನ ಮಳೆ ಹೇಗಿರುತ್ತದೆ ಅಂತ ಗೊತ್ತಾಗುವುದಿಲ್ಲ. ಆದರೆ ಅದನ್ನು ಹೇಳಬೇಕಾದವರು ಯಾರು? ದೊಡ್ಡ ಯೋಜನೆ ಅಂದರೆ ಅರಣ್ಯ ಇಲಾಖೆ, ಲೋಕೋಪಯೋಗಿ, ನೀರಾವರಿ, ವಿದ್ಯುತ್ ಕಂಪನಿ ಎಲ್ಲರ ಅಭಿಪ್ರಾಯವನ್ನೂ ಕೇಳುತ್ತಾರೆ. ಸಣ್ಣ ನೀರಾವರಿ ಇಲಾಖೆ ನೋಡಿಕೊಳ್ಳುವುದು 40 ಹೆಕ್ಟೇರ್‌ಗಿಂತ ಜಾಸ್ತಿ ಅಚ್ಚುಕಟ್ಟಿನ ಕೆರೆಗಳನ್ನು. ನಮ್ಮ ಕೆರೆ ಅಷ್ಟು ದೊಡ್ಡದಲ್ಲ. ಅದಕ್ಕಿಂತ ಚಿಕ್ಕ ಕೆರೆಗಳು ಪಂಚಾಯತ್ ರಾಜ್ ಪಾಲು. ಅಂದರೆ ಆ ಕೆರೆ ಪರವಾಗಿ ಬಾಯಿ ಬಿಡಬೇಕಾದ ಸರ್ಕಾರಿ ಕಚೇರಿ ಅಂದರೆ ನಮ್ಮದೇ. ಇದು ಅರ್ಥವಾದ ದಿನ ನನಗೆ ನಿದ್ದೆ ಬರಲಿಲ್ಲ. ಹೆದ್ದಾರಿ ಹಾದು ಹೋಗುವ ಉದ್ದಕ್ಕೂ ಇಂಥ ಕೆರೆಗಳು ಎಷ್ಟಿವೆಯೋ. ಅವುಗಳ ಪುಸ್ತಕ ಯಾವ ಯಾವ ಬೀರುವಿನಲ್ಲಿದೆಯೋ.

ವಿಶೇಷ ಗ್ರಾಮಸಭೆ ಕರೆದೆವು. ಡಂಗುರ ಹಾಕಿಸಿದೆವು. ಬೆಳಿಗ್ಗೆ 11ಕ್ಕೆ ಸಮಯ ಇಟ್ಟಿದ್ದು ನಾನು. ಕಾಫಿ ಕೊಯ್ಲಿನ ಕಾಲ ಅದು. ಠರಾವಿನಲ್ಲಿ ಹಳ್ಳದ ವಿಷಯ ಪಕ್ಕಾ ಬರೆದೆವು. ಸರ್ವೆ ನಂಬರ್, ಚೈನೇಜ್, ಪೈಪ್ ಬದಲು ಬಾಕ್ಸ್ ಕಲ್ವರ್ಟ್ (ಚೌಕದ ಅಗಲ ಮೋರಿ) ಬೇಕು ಅನ್ನುವುದು, ಮಳೆಗಾಲದ ಫೋಟೊ ಎಲ್ಲ ಸೇರಿಸಿದೆವು. ಸಭೆಗೆ ಮುಂಚೆಯೇ ಲಿಖಿತವಾಗಿ ಮಾಲಿನ್ಯ ನಿಯಂತ್ರಣ ಮಂಡಳಿಗೂ ಕಳಿಸಿದೆವು. ಬಾಯಲ್ಲಿ ಹೇಳಿದ್ದಕ್ಕೂ ಬರೆದು ಕೊಟ್ಟಿದ್ದಕ್ಕೂ ಅಧಿಸೂಚನೆಯಲ್ಲಿ ಜಾಗ ಇದೆ. ಠರಾವು ಕೊಟ್ಟಾಯಿತು, ಇನ್ನು ಚಿಂತೆ ಇಲ್ಲ ಅಂತ ನಾನು ನೆಮ್ಮದಿಯಲ್ಲಿದ್ದೆ.

ಸಭೆಯ ದಿನ ಶಾಮಿಯಾನ ತುಂಬಿತ್ತು. ಕಂಪನಿಯವರ ಪ್ರೆಸೆಂಟೇಶನ್ ಮೊದಲು. ಆಮೇಲೆ ಜನರ ಮಾತು. ಇಂಥ ಸಭೆಗೆ ಕೋರಂ ಬೇಕಿಲ್ಲ, ಓಟು ಹಾಕುವುದೂ ಇಲ್ಲ. ಅಧ್ಯಕ್ಷತೆ ವಹಿಸಿದ ಅಧಿಕಾರಿ ಯೋಜನೆ ಒಪ್ಪುವಂತಿಲ್ಲ, ತಿರಸ್ಕರಿಸುವಂತಿಲ್ಲ. ಜನ ಹೇಳಿದ್ದನ್ನು ದಾಖಲಿಸಿ ಕಳಿಸುವುದಷ್ಟೇ ಅಲ್ಲಿಯ ಕೆಲಸ. ತೀರ್ಮಾನ ಮಾಡುವವರು ದೆಹಲಿಯಲ್ಲಿರುತ್ತಾರೆ. ಅವರ ಕೈಗೆ ಹೋಗುವುದು ವಿಡಿಯೊ ಮತ್ತು ನಡವಳಿ, ಅಂದರೆ ಸಭೆಯ ಲಿಖಿತ ದಾಖಲೆ. ವಿಡಿಯೊ ಪೂರ್ತಿ ಕೂತು ನೋಡುವ ಪುರುಸೊತ್ತು ಯಾರಿಗಿರುತ್ತದೆ? ಓದುವುದು ನಡವಳಿಯನ್ನೇ. ಅದಕ್ಕೇ ಸಭೆಯ ಕೊನೆಯಲ್ಲಿ ಅದನ್ನು ಜನರ ಭಾಷೆಯಲ್ಲಿ ಓದಿ ಹೇಳಬೇಕು, ಒಪ್ಪಿದ ಮೇಲೆ ಅದೇ ದಿನ ಸಹಿ ಆಗಬೇಕು ಅಂತ ನಿಯಮ ಮಾಡಿದ್ದಾರೆ.

ಗೌಡರು ಮಾತಾಡಿದರು. ನಮ್ಮ ಅಧ್ಯಕ್ಷರು ಠರಾವು ಓದಿದರು. ಕಾಲೋನಿಯ ಹೆಂಗಸರೂ ಬಂದಿದ್ದರು. ಅವರ ಮನೆ ರಸ್ತೆಯ ಒಂದು ಪಕ್ಕ, ಶಾಲೆ ಮತ್ತು ಅಂಗನವಾಡಿ ಇನ್ನೊಂದು ಪಕ್ಕ. ಒಬ್ಬರು ಮೈಕ್ ಹಿಡಿದು ಕೇಳಿದರು: "ನಾಲ್ಕು ಲೈನ್ ಮಾಡಿ ನಡುವೆ ಗೋಡೆ ಕಟ್ಟಿದ್ರೆ ನಮ್ಮ ಮಕ್ಕಳು ಎತ್ತಿಂದ ದಾಟಬೇಕು ಸಾರ್?" ಇಡೀ ಶಾಮಿಯಾನ ಚಪ್ಪಾಳೆ ತಟ್ಟಿತು. ಅವತ್ತು ಕೇಳಿದ ಎಲ್ಲ ಮಾತಿಗಿಂತ ಸರಿಯಾದ ಮಾತು ಅದು.

ಸಂಜೆ ಆಗುತ್ತಾ ಬಂತು. ಬಸ್ಸಿನ ಹೊತ್ತು ಅಂತ ಜನ ಏಳತೊಡಗಿದರು. ಕಾಲೋನಿಯವರೂ ಹೊರಟರು. ಕುರ್ಚಿ ಅರ್ಧಕ್ಕರ್ಧ ಖಾಲಿಯಾದ ಮೇಲೆ ನಡವಳಿ ಓದಲು ಶುರು ಮಾಡಿದರು. ಬರೆದುಕೊಳ್ಳುತ್ತಿದ್ದವರು ಬೆಳಿಗ್ಗೆಯಿಂದ ಒಂದೇ ಸಮ ಬರೆದಿದ್ದರು. ಅಷ್ಟೊಂದು ಮಾತನ್ನು ನಾಲ್ಕು ಹಾಳೆಗೆ ಇಳಿಸುವುದು ಸುಲಭವಲ್ಲ, ಅವರನ್ನು ದೂರುವುದಿಲ್ಲ. ಆದರೆ ನಮ್ಮ ಸರದಿ ಬಂದಾಗ ಕೇಳಿದ್ದು ಒಂದೇ ಸಾಲು: "ಗ್ರಾಮ ಪಂಚಾಯಿತಿ ವತಿಯಿಂದ ನೀರಿನ ಹರಿವಿಗೆ ತೊಂದರೆಯಾಗದಂತೆ ಸೂಕ್ತ ಕ್ರಮಕ್ಕೆ ಕೋರಲಾಯಿತು." ಹಳ್ಳ ಇಲ್ಲ. ಸರ್ವೆ ನಂಬರ್ ಇಲ್ಲ. ಕಲ್ವರ್ಟ್ ಇಲ್ಲ. ಓದುವವರು ಮುಂದಿನ ಸಾಲಿಗೆ ಹೋಗಿಯಾಗಿತ್ತು.

ನನ್ನ ಎದೆ ಹೊಡೆದುಕೊಳ್ಳತೊಡಗಿತು. ವೇದಿಕೆ ಮೇಲೆ ಜಿಲ್ಲಾ ಮಟ್ಟದ ಅಧಿಕಾರಿ. ನಾನು ಅವರಿಗಿಂತ ಎಷ್ಟೋ ಮೆಟ್ಟಿಲು ಕೆಳಗಿನ ನೌಕರಳು. ಓದುತ್ತಿರುವಾಗ ನಡುವೆ ಎದ್ದರೆ ನಾಳೆ ಏನಾಗುತ್ತದೋ ಅನ್ನುವ ಹೆದರಿಕೆ ನಮ್ಮ ಇಲಾಖೆಯಲ್ಲಿ ಕೆಲಸ ಮಾಡಿದವರಿಗೆ ಹೇಳಿಕೊಡಬೇಕಿಲ್ಲ. ಇನ್ನೊಂದು ಸಾಲು ಓದಿದರು. ಮತ್ತೊಂದು. ಕೊನೆಯ ಹಾಳೆ ಬಂತು. ಪಕ್ಕದಲ್ಲಿದ್ದ ಅಧ್ಯಕ್ಷರ ಕಿವಿಯಲ್ಲಿ ಹೇಳಿದೆ, "ಅಧ್ಯಕ್ಷರೇ, ಸಹಿ ಆಗೋಕೆ ಮುಂಚೆ ನೀವು ಏಳಬೇಕು. ಪಂಚಾಯಿತಿ ನಿಮ್ಮದು." ಅವರು ತೋಟದ ಕೆಲಸ ಮಾಡಿಕೊಂಡೇ ಗೆದ್ದು ಬಂದವರು. ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಎದ್ದು ನಿಂತರು.

"ಸಾರ್, ನಾವು ಹೇಳಿದ್ದು ಹಂಗಲ್ಲ. ಠರಾವಲ್ಲಿ ಹೆಂಗೈತೋ ಹಂಗೆ ಬರೀರಿ."

ಶಾಮಿಯಾನ ಸುಮ್ಮನಾಯಿತು. ಕಂಪನಿಯ ಇಂಜಿನಿಯರ್ ಎದ್ದು, ಅದೆಲ್ಲ ಡಿಟೇಲ್ಡ್ ಡಿಸೈನ್‌ನಲ್ಲಿ ನೋಡ್ಕೋತೀವಿ ಅಂದರು. ಅಧ್ಯಕ್ಷರು ಕೂರಲಿಲ್ಲ. ಅಧಿಕಾರಿ ಠರಾವಿನ ಪ್ರತಿ ಕೇಳಿ ತರಿಸಿಕೊಂಡು ಓದಿದರು. ಆ ಸಾಲು ಹೊಡೆದು ಹಾಕಿ ಚೈನೇಜ್, ಸರ್ವೆ ನಂಬರ್ ಸಮೇತ ಬರೆಸಿ, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದರು. ಠರಾವನ್ನು ಅನುಬಂಧವಾಗಿ ಸೇರಿಸಲು ಹೇಳಿದರು. ಆ ಸಂಜೆ ಅವರು ನಡೆದುಕೊಂಡ ರೀತಿಗೆ ನಾನು ಇವತ್ತಿಗೂ ಋಣಿ.

ಕಾಲೋನಿಯ ಹೆಂಗಸರ ಮಾತಿಗೆ ಇದ್ದ ಸಾಲು ಇಷ್ಟು: "ರಸ್ತೆ ದಾಟಲು ಅನುಕೂಲ ಕಲ್ಪಿಸಲು ಕೋರಿದರು." ಎಲ್ಲಿ ದಾಟಬೇಕು, ಯಾರು ದಾಟಬೇಕು ಅನ್ನುವುದು ಇರಲಿಲ್ಲ. ತಿದ್ದಿ ಅನ್ನಲು ಅವರು ಅಲ್ಲಿ ಇರಲಿಲ್ಲ. ತೋರಿಸಲು ನಮ್ಮ ಠರಾವಿನಲ್ಲೂ ಆ ವಿಷಯ ಇರಲಿಲ್ಲ. ಯಾಕೆಂದರೆ ನಾವು ಗ್ರಾಮಸಭೆ ನಡೆಸಿದ ಹೊತ್ತಿಗೆ ಅವರೆಲ್ಲ ತೋಟದಲ್ಲಿ ಹಣ್ಣು ಕೊಯ್ಯುತ್ತಿದ್ದರು. ಚಪ್ಪಾಳೆ ಗಿಟ್ಟಿಸಿದ ಮಾತು ನಡವಳಿಯಲ್ಲಿ ಯಾವ ಊರಿಗೂ ಸೇರದ ಮಾತಾಯಿತು. ನನಗೆ ಚುಚ್ಚುವುದು ಇದೇ.

ಅಂತಿಮ ವರದಿಯಲ್ಲಿ ಒಂದು ಕೋಷ್ಟಕ ಇರುತ್ತದೆ. ಒಂದು ಕಡೆ ಜನ ಹೇಳಿದ್ದು, ಇನ್ನೊಂದು ಕಡೆ ಕಂಪನಿಯ ಉತ್ತರ. ಹೊಸ ಪಿಡಿಒಗಳು ಬೇರೆ ಏನನ್ನು ಓದದಿದ್ದರೂ ಅದನ್ನು ಓದಿ. ನಮ್ಮ ಹಳ್ಳದ ಎದುರಿಗೆ ಆ ಚೈನೇಜ್‌ನಲ್ಲಿ ಬಾಕ್ಸ್ ಕಲ್ವರ್ಟ್ ಕಟ್ಟುತ್ತೇವೆ ಅಂತ ಇದೆ. ರಸ್ತೆ ದಾಟುವ ವಿಷಯದ ಎದುರಿಗೆ ನಿಯಮಾನುಸಾರ ಕ್ರಮ ಕೈಗೊಳ್ಳಲಾಗುವುದು ಅಂತ ಇದೆ. ಮೊದಲನೆಯದನ್ನು ಹಿಡಿದು ನಾಳೆ ಕೇಳಬಹುದು. ಎರಡನೆಯದನ್ನು ಹಿಡಿದು ಏನು ಕೇಳುವುದು?

ಅದಕ್ಕೇ ಈಗ ಕಚೇರಿಯಲ್ಲಿ ಈ ಯೋಜನೆಗೆ ಪ್ರತ್ಯೇಕ ಕಡತ ಮಾಡಿದ್ದೇವೆ. ಪರಿಸರ ಅನುಮತಿ ಪತ್ರ ಬಂದರೆ ಅದರ ಪ್ರತಿಯನ್ನು ಕಂಪನಿ ಪಂಚಾಯಿತಿಗೂ ಕೊಡಬೇಕು, ನಾವು 30 ದಿನ ನೋಟಿಸ್ ಬೋರ್ಡಿನಲ್ಲಿ ಹಾಕಬೇಕು. ಅದರಲ್ಲಿರುವ ಷರತ್ತುಗಳ ಪಾಲನೆ ಬಗ್ಗೆ ಕಂಪನಿ ಆರು ತಿಂಗಳಿಗೊಮ್ಮೆ ವರದಿ ಕೊಡಬೇಕು. ಎರಡನ್ನೂ ಬೀರುವಿಗೆ ಕಳಿಸಬಾರದು ಅಂತ ಬಿಲ್ ಕಲೆಕ್ಟರ್‌ಗೆ ಹೇಳಿದ್ದೇನೆ. ಪಕ್ಕದ ಪಂಚಾಯಿತಿಗಳ ಪಿಡಿಒಗಳಿಗೂ ಕಲ್ವರ್ಟ್ ಪಟ್ಟಿಯ ಪ್ರತಿ ಕಳಿಸಿದೆ. ಒಬ್ಬರು ತಮ್ಮ ಊರಿನ ನೀರುಗಂಟಿಯನ್ನು ಕರೆದುಕೊಂಡು ರಸ್ತೆಯುದ್ದಕ್ಕೂ ನಡೆದು ಬಂದರಂತೆ.

ಕಾಲೋನಿಯಲ್ಲಿ ವಾರ್ಡ್ ಸಭೆ ಮಾಡಿದೆವು, ಕೊಯ್ಲು ಮುಗಿಸಿ ಬಂದ ಮೇಲೆ, ರಾತ್ರಿ ದೀಪದ ಹೊತ್ತಿಗೆ. ಮಕ್ಕಳು ದಾಟುವ ಜಾಗವನ್ನು ಅವರೇ ನಕ್ಷೆಯಲ್ಲಿ ಗುರುತು ಮಾಡಿದರು. ಆ ಜಾಗದ ಚೈನೇಜ್ ಹಾಕಿ, ಕೆಳಸೇತುವೆ ಬೇಕು ಅಂತ ಠರಾವು ಮಾಡಿ ಹೆದ್ದಾರಿಯವರಿಗೆ, ಜಿಲ್ಲಾಧಿಕಾರಿಗಳಿಗೆ, ಮಂಡಳಿಗೆ ಕಳಿಸಿದ್ದೇವೆ. ಸಭೆ ಮುಗಿದ ಮೇಲೆ ಕೊಟ್ಟಿದ್ದಕ್ಕೆ ಬೆಲೆ ಕಡಿಮೆ ಅಂತ ಗೊತ್ತಿದೆ. ಆದರೂ ಜಂಟಿ ಸ್ಥಳ ಪರಿಶೀಲನೆಗೆ ದಿನಾಂಕ ಕೇಳಿದ್ದೇವೆ. ಹೆಂಗಸರು ಮನೆಯಲ್ಲಿರುವ ಹೊತ್ತಿನಲ್ಲೇ ಇಡಬೇಕು ಅಂತಲೂ ಆ ಪತ್ರದಲ್ಲಿ ಬರೆದಿದ್ದೇವೆ.