ಕೆಲಸ ಸಿಕ್ಕಿದೆ, ಮನೆ ಸಿಗ್ತಿಲ್ಲ, ಏನ್ ಮಾಡ್ಲಿ?

ಕೆಲಸಕ್ಕಾಗಿ ಬೇರೆ ಊರಿಗೆ ಹೊರಟವರು ನನ್ನನ್ನು ಹೆಚ್ಚಾಗಿ ಕೇಳುವುದು ಇದೊಂದೇ. "ಜಾಯಿನ್ ಆಗೋಕೆ ಇನ್ನು ಕೆಲವೇ ವಾರ ಇದೆ. ಆನ್‌ಲೈನ್‌ನಲ್ಲಿ ಹುಡುಕಿ ಹುಡುಕಿ ಸಾಕಾಯ್ತು. ಎಲ್ಲಾ ಬಾಡಿಗೆನೂ ಸಂಬಳದ ಅರ್ಧ ನುಂಗುತ್ತೆ. ಹೋಗೋ ಮೊದಲೇ ಯಾವುದಾದ್ರೂ ಒಂದು ಗೊತ್ತು ಮಾಡಿಬಿಡ್ಲಾ, ಅಥವಾ ಅಲ್ಲಿಗೆ ಹೋಗಿ ನೋಡ್ಲಾ?"

ಹೋಗಿ ನೋಡಿ ಅನ್ನುವುದೇ ನನ್ನ ಉತ್ತರ. ಈಗ ಹುಡುಕಬೇಕಾದದ್ದು ಮೊದಲ ಒಂದು ತಿಂಗಳು ಮಲಗೋಕೆ ಒಂದು ಜಾಗ, ಅಷ್ಟೇ. ಹಾಸ್ಟೆಲ್ ಆಗಲಿ, ಯಾರದ್ದೋ ಮನೆಯ ಒಂದು ರೂಮ್ ಆಗಲಿ, ತಿಂಗಳ ಲೆಕ್ಕದಲ್ಲಿ ಕೊಡುವ ಅಪಾರ್ಟ್‌ಮೆಂಟ್ ಆಗಲಿ. ಅದು ಚೆನ್ನಾಗಿರಬೇಕು ಅಂತೇನಿಲ್ಲ. ಬೀಗ ಸರಿ ಇರಬೇಕು, ಆಫೀಸಿಗೆ ಹೋಗಿಬರೋಕೆ ಆಗಬೇಕು.

ದೂರದಿಂದ ನೋಡಿದಾಗ ಎಲ್ಲವೂ ದುಬಾರಿ ಅನ್ನಿಸುವುದಕ್ಕೆ ಒಂದು ಕಾರಣ ನಿಜವಾಗಿಯೂ ದುಬಾರಿ ಇರುವುದು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇನ್ನೊಂದು ಕಾರಣವಿದೆ, ಅದನ್ನು ಯಾರೂ ಹೇಳುವುದಿಲ್ಲ. ಒಳ್ಳೆ ಮನೆ, ಬಾಡಿಗೆಯೂ ಕಡಿಮೆ ಅಂದರೆ ಅದು ಜಾಹೀರಾತಿನವರೆಗೆ ಬರುವುದೇ ಅಪರೂಪ. ಖಾಲಿ ಮಾಡುವವರು ತಮ್ಮ ಸಹೋದ್ಯೋಗಿಗೆ ಹೇಳಿರುತ್ತಾರೆ, ಪಕ್ಕದ ಮನೆಯವರು ತಮ್ಮ ತಂಗಿಗೆ ಹೇಳಿರುತ್ತಾರೆ, ಅಲ್ಲಿಗೆ ಮುಗಿಯಿತು. ಜಾಹೀರಾತು ಬಂದರೂ ಒಂದೆರಡು ದಿನ ಇದ್ದು ಹೋಗುತ್ತದೆ. ಬೆಳಕೇ ಬೀಳದ ಮನೆ, ಸುಮ್ನೆ ಬಾಡಿಗೆ ಏರಿಸಿಟ್ಟ ಮನೆ, ಓನರ್ ಕಿರಿಕಿರಿಗೆ ಯಾರೂ ನಿಲ್ಲದ ಮನೆ, ಇವು ತಿಂಗಳುಗಟ್ಟಲೆ ಅಲ್ಲೇ ಕೂತಿರುತ್ತವೆ. ಸ್ವಲ್ಪ ಲೆಕ್ಕ ಹಾಕಿ ನೋಡಿ. 2 ದಿನದಲ್ಲಿ ಹೋಗುವ ಮನೆಗಳೂ 60 ದಿನ ಖಾಲಿ ಇರುವ ಮನೆಗಳೂ ಸರಿಸಮ ಸಂಖ್ಯೆಯಲ್ಲಿ ಬಾಡಿಗೆಗೆ ಬರುತ್ತವೆ ಅಂತಿಟ್ಟುಕೊಳ್ಳೋಣ. ನೀವು ಯಾವುದೋ ಒಂದು ದಿನ ಫೋನ್ ತೆರೆದು ನೋಡಿದರೆ ಮೊದಲ ಜಾತಿಯ ಒಂದು ಮನೆಗೆ ಎರಡನೇ ಜಾತಿಯ 30 ಮನೆ ಕಾಣುತ್ತವೆ. ನೀವು ನೋಡುತ್ತಿರುವುದು ಆ ಊರಿನ ಬಾಡಿಗೆಯನ್ನಲ್ಲ, ಆ ಊರಿನವರು ಬೇಡ ಅಂದದ್ದನ್ನು. ಅಲ್ಲೇ ಇದ್ದರೆ ಆ 2 ದಿನದ ಮನೆ ಕಣ್ಣಿಗೆ ಬಿದ್ದ ಸಂಜೆಯೇ ಹೋಗಿ ನೋಡಬಹುದು. ದೂರದಲ್ಲಿದ್ದವರಿಗೆ ಆ ಅವಕಾಶವೇ ಇಲ್ಲ.

ಹಾಗಂತ ಅಲ್ಲಿರುವ ಪರಿಚಯದವರ ಮಾತನ್ನೂ ಪೂರ್ತಿ ನಂಬಬೇಡಿ. ಹತ್ತು ವರ್ಷದಿಂದ ಒಂದೇ ಮನೆಯಲ್ಲಿರುವವರು "ಅಯ್ಯೋ, ಅಷ್ಟೆಲ್ಲಾ ಯಾಕೆ, ನಾನು ಇಷ್ಟೇ ಕೊಡೋದು" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಬಾಡಿಗೆ ಏರುತ್ತಿರುವ ಊರಿನಲ್ಲಿ ಹಳಬರು ಕೊಡುವುದು ಕಡಿಮೆ, ಹೊಸಬರಿಗೆ ಕೇಳುವುದು ಜಾಸ್ತಿ. ಹಾಗಾಗಿ ಹೋದ ವರ್ಷ ಬಂದವರನ್ನು ಹುಡುಕಿ ಕೇಳಿ. ಹೊಸ ಆಫೀಸಿನಲ್ಲಿ ಅಂಥವರು ಒಬ್ಬರಾದರೂ ಇದ್ದೇ ಇರುತ್ತಾರೆ.

ಈಗ ಆ ಶೇಕಡಾ 30ರ ಮಾತು. ಬಾಡಿಗೆ ಸಂಬಳದ 30ರಷ್ಟು ದಾಟಬಾರದು ಅಂತ ಎಲ್ಲರೂ ಹೇಳುತ್ತಾರಲ್ಲ, ಅದು ಎಲ್ಲಿಂದ ಬಂತು ಗೊತ್ತಾ? ಅಮೆರಿಕದಲ್ಲಿ 1969ರಲ್ಲಿ ಸೆನೆಟರ್ ಎಡ್ವರ್ಡ್ ಬ್ರೂಕ್ ಅವರ ಹೆಸರಿನ ಒಂದು ಕಾನೂನು ತಿದ್ದುಪಡಿ ಬಂತು. ಸರ್ಕಾರಿ ವಸತಿಯಲ್ಲಿರುವ ಬಡವರಿಂದ ಆದಾಯದ ಶೇಕಡಾ 25ಕ್ಕಿಂತ ಜಾಸ್ತಿ ಬಾಡಿಗೆ ತೆಗೆದುಕೊಳ್ಳಬಾರದು ಅಂತ. 1981ರಲ್ಲಿ ಅದನ್ನು 30ಕ್ಕೆ ಏರಿಸಿದರು. ಸರ್ಕಾರ ಬಡವರಿಂದ ಎಷ್ಟು ವಸೂಲಿ ಮಾಡಬಹುದು ಅನ್ನುವುದಕ್ಕೆ ಹಾಕಿದ ಗೆರೆ ಅದು. ಅದನ್ನೇ ಹಿಡಿದುಕೊಂಡು ಈಗ ಜಗತ್ತಿನವರೆಲ್ಲಾ ತಮ್ಮ ಸಂಬಳಕ್ಕೆ ಅಳತೆ ಮಾಡಿಕೊಳ್ಳುತ್ತಿದ್ದಾರೆ! ಸಣ್ಣ ಸಂಬಳದವರು 30 ಕೊಟ್ಟರೂ ಉಳಿದದ್ದು ಊಟಕ್ಕೆ ಸಾಲದೆ ಹೋಗಬಹುದು. ದೊಡ್ಡ ಸಂಬಳದವರು, ಸಾಲ ಇಲ್ಲದವರು 45 ಕೊಟ್ಟೂ ಆರಾಮಾಗಿರಬಹುದು. ನಾನು ಹೇಳುವುದು, ಕೈಗೆ ಬರುವ ಸಂಬಳದಿಂದ ಊಟ, ಓಡಾಟ, ಸಾಲದ ಕಂತು, ಮನೆಗೆ ಕಳಿಸುವ ದುಡ್ಡು ಎಲ್ಲಾ ಕಳೆದು ಉಳಿದದ್ದೆಷ್ಟೋ ಅದೇ ನಿಮ್ಮ ಬಾಡಿಗೆಯ ಮಿತಿ. ಕೆಲವು ಕಡೆ ಓನರ್‌ಗಳೂ ತಮ್ಮದೇ ಲೆಕ್ಕ ಇಟ್ಟುಕೊಂಡಿರುತ್ತಾರೆ, ಸಂಬಳ ಬಾಡಿಗೆಯ 3 ಪಟ್ಟಾದರೂ ಇರಬೇಕು ಅಂತ. ಅದು ಅವರ ಧೈರ್ಯಕ್ಕೆ. ನಿಮ್ಮ ಲೆಕ್ಕ ನಿಮಗೆ.

ನಿಜ ಹೇಳಬೇಕೆಂದರೆ ಜನ ಒದ್ದಾಡುವುದು ಬಾಡಿಗೆಗಿಂತ ಜಾಸ್ತಿ ಮೊದಲ ತಿಂಗಳ ಕೈಖರ್ಚಿಗೆ. ಡೆಪಾಸಿಟ್, ಮುಂಗಡ ಬಾಡಿಗೆ, ಬ್ರೋಕರ್ ಇದ್ದರೆ ಅವರ ಕಮಿಷನ್, ಸಾಮಾನು ಸಾಗಿಸೋ ಖರ್ಚು, ಹಳೇ ಮನೆಯ ಕೊನೆ ಬಾಡಿಗೆ, ಎಲ್ಲಾ ಒಟ್ಟಿಗೇ ಬಂದು ಬೀಳುತ್ತವೆ. ಸಂಬಳ ಬರುವುದು ತಿಂಗಳು ಮುಗಿದ ಮೇಲೆ. ಅಕೌಂಟ್ಸ್‌ನವರು ಲೆಕ್ಕ ಮುಗಿಸಿದ ಮೇಲೆ ನೀವು ಸೇರಿಕೊಂಡರೆ ಅದು ಇನ್ನೂ ಒಂದು ತಿಂಗಳು ಮುಂದಕ್ಕೆ ಹೋಗಬಹುದು. ಹಳೇ ಮನೆಯ ಡೆಪಾಸಿಟ್ ವಾಪಸ್ ಬರುವುದಂತೂ ಓನರ್ ಮನಸ್ಸು ಬಂದಾಗ. ಆದ್ದರಿಂದ ಸೇರಿಕೊಳ್ಳುವ ಮೊದಲೇ ಎಚ್‌ಆರ್ ಹತ್ತಿರ ಬಾಯಿ ಬಿಟ್ಟು ಕೇಳಿ. ಊರು ಬದಲಿಸೋ ಖರ್ಚು ಕೊಡ್ತೀರಾ? ಮೊದಲ ಕೆಲವು ವಾರ ಉಳಿಯೋಕೆ ಜಾಗ ಕೊಡ್ತೀರಾ? ಸಂಬಳದಲ್ಲಿ ಸ್ವಲ್ಪ ಮುಂಗಡ ಆಗುತ್ತಾ? ಮೊದಲ ತಿಂಗಳು ಇಲ್ಲಿಂದಲೇ ಕೆಲಸ ಮಾಡಬಹುದಾ? ಆಫರ್ ಲೆಟರ್‌ಗೆ ಸಹಿ ಹಾಕುವ ಮೊದಲು ನಿಮ್ಮ ಮಾತಿಗಿರುವ ತೂಕ ಸಹಿ ಬಿದ್ದ ಮೇಲೆ ಇರುವುದಿಲ್ಲ. ಕೇಳಿದರೆ ಕೆಲಸವೇ ಹೋಗಿಬಿಡುತ್ತೆ ಅಂತ ಹೆದರುವವರೇ ಜಾಸ್ತಿ. ಇಷ್ಟು ಕೇಳಿದ್ದಕ್ಕೆ ಕೆಲಸ ವಾಪಸ್ ತೆಗೆದುಕೊಳ್ಳುವ ಕಂಪನಿ ಇದ್ದರೆ, ಅಲ್ಲಿಗಾಗಿ ಊರು ಬಿಡುವುದು ಯಾಕೆ ಅಂತ ನನ್ನ ಪ್ರಶ್ನೆ.

ಇನ್ನು ಮೋಸದ ವಿಷಯ. ಮೋಸಗಾರರಿಗೆ ಊರಲ್ಲಿ ಇಲ್ಲದವರು, ಅವಸರದಲ್ಲಿರುವವರು ಬೇಕು. ಅಂದರೆ ನೀವೇ. ಸುತ್ತಮುತ್ತಲ ಮನೆಗಳಿಗಿಂತ ಬಾಡಿಗೆ ತೀರಾ ಕಡಿಮೆ, ಫೋಟೋ ಮಾತ್ರ ಹೋಟೆಲ್ ಥರ, ಓನರ್ ಯಾವಾಗಲೂ ವಿದೇಶದಲ್ಲಿ, ಕೀ ಕೊರಿಯರ್‌ನಲ್ಲಿ ಬರುತ್ತಂತೆ, ಇವತ್ತೇ ದುಡ್ಡು ಹಾಕದಿದ್ದರೆ ಇನ್ನೊಬ್ಬರಿಗೆ ಹೋಗುತ್ತಂತೆ. ಕಥೆ ಎಲ್ಲಾ ಕಡೆ ಇದೇ. ಆ ಫೋಟೋಗಳನ್ನು ಇಂಟರ್ನೆಟ್‌ನಲ್ಲಿ ಹಾಕಿ ಹುಡುಕಿದರೆ ಅದೇ ಮನೆ ಬೇರೆ ಊರಿನ ಹೆಸರಿನಲ್ಲಿ ಸಿಗುವುದುಂಟು. ವಿಡಿಯೋ ಕಾಲ್ ಮಾಡಿ, ಅದೂ ಲೈವ್ ಆಗಿರಲಿ, ನಲ್ಲಿ ತಿರುಗಿಸಿ ತೋರಿಸಿ, ಕಿಟಕಿ ತೆರೆದು ರಸ್ತೆ ತೋರಿಸಿ ಅಂತ ಹೇಳಿ. ನಿಜವಾದ ಓನರ್‌ಗೆ ಅದು ಎರಡು ನಿಮಿಷದ ಕೆಲಸ. ಮನೆಯೊಳಗೆ ನೀವೋ ನಿಮ್ಮವರೋ ಕಾಲಿಡದೆ ದುಡ್ಡು ಕಳಿಸಬೇಡಿ, ಟೋಕನ್ ಅಂದರೂ ಬೇಡ.

"ನೀವು ಹೇಳೋದು ಒಂಟಿ ಜನಕ್ಕೆ ಸರಿ, ನಮಗೆ ಮಕ್ಕಳಿದ್ದಾರೆ" ಅಂತಾರೆ ಕೆಲವರು. ಒಪ್ಪುತ್ತೇನೆ. ಸ್ಕೂಲ್ ಅಡ್ಮಿಷನ್‌ಗೆ ವಿಳಾಸ ಬೇಕು, ವಯಸ್ಸಾದ ಅಪ್ಪ ಅಮ್ಮನನ್ನು ಹಾಸ್ಟೆಲ್‌ನಲ್ಲಿ ಇಡೋಕಾಗಲ್ಲ. ಆಗುವುದಾದರೆ ಕೆಲಸಕ್ಕೆ ಸೇರುವವರು ಒಬ್ಬರೇ ಮೊದಲು ಹೋಗಿ, ಮನೆ ನೋಡಿಟ್ಟು, ಆಮೇಲೆ ಎಲ್ಲರನ್ನೂ ಕರೆಸಿಕೊಳ್ಳಲಿ. ಆಗಲ್ಲ ಅಂದರೆ ಯಾರನ್ನಾದರೂ ಕಳಿಸಿ ನೋಡಿಸಿ ಮನೆ ಹಿಡಿಯಿರಿ, ಆದರೆ ಅಗ್ರಿಮೆಂಟ್‌ನ ಒಂದು ಸಾಲನ್ನು ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ಓದಿ, ಮಧ್ಯದಲ್ಲಿ ಬಿಟ್ಟರೆ ಏನಾಗುತ್ತೆ ಅನ್ನುವ ಸಾಲು. ಒಂದೆರಡು ತಿಂಗಳ ನೋಟಿಸ್ ಕೊಟ್ಟು ಬಿಡಬಹುದಾ, ಅಥವಾ ವರ್ಷದ ಬಾಡಿಗೆ ಪೂರ್ತಿ ಕಟ್ಟಬೇಕಾ? ನೋಡದ ಊರಿನಲ್ಲಿ ಹಿಡಿಯುವ ಮನೆಗೆ ಈ ಸಾಲು ಬಾಡಿಗೆಗಿಂತ ಮುಖ್ಯ. ಬಿಡೋಕೆ ಸುಲಭ ಅನ್ನುವ ಕಾರಣಕ್ಕೆ ಬಾಡಿಗೆ ಸ್ವಲ್ಪ ಜಾಸ್ತಿ ಆದರೂ ಕೊಡಬಹುದು.

ಊರ ಹೊರಗೆ ಕಡಿಮೆ ಬಾಡಿಗೆಗೆ ಸಿಗುತ್ತಲ್ಲ ಅನ್ನುವವರಿಗೂ ಒಂದು ಮಾತು. ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಒಂದು ವಾದ ಮುಂದಿಟ್ಟರು. ಕಾಲ ಬದಲಾದರೂ ವಾಹನ ಬದಲಾದರೂ ಮನುಷ್ಯರು ಓಡಾಟಕ್ಕೆ ಕೊಡುವ ಸಮಯ ಸರಾಸರಿ ದಿನಕ್ಕೆ 1 ಗಂಟೆಯ ಆಸುಪಾಸಿನಲ್ಲೇ ಇರುತ್ತದೆ ಅಂತ. ಹೋಗೋಕೆ ಅರ್ಧ, ಬರೋಕೆ ಅರ್ಧ. ದೊಡ್ಡ ಊರುಗಳಲ್ಲಿ ಇದರ ಎರಡು ಪಟ್ಟು, ಮೂರು ಪಟ್ಟು ಓಡಾಡುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಅದು ಮನಸ್ಸಿಟ್ಟು ಮಾಡುವ ಓಡಾಟ ಅಲ್ಲ, ವಿಧಿಯಿಲ್ಲದೆ ಮಾಡುವುದು. ಮ್ಯಾಪ್ ತೋರಿಸುವ ಸಮಯವನ್ನು ಭಾನುವಾರ ಮಧ್ಯಾಹ್ನ ನೋಡಬೇಡಿ. ಆಫೀಸಿಗೆ ಹೊರಡುವ ಹೊತ್ತಿಗೆ ನೋಡಿ. ಅದಕ್ಕೇ ತಾತ್ಕಾಲಿಕ ಜಾಗದಲ್ಲಿದ್ದುಕೊಂಡು ಮನೆ ಹುಡುಕುವುದರಲ್ಲಿ ಇನ್ನೊಂದು ಲಾಭವಿದೆ. ಯಾವ ದಿಕ್ಕಿನಿಂದ ಬರುವ ಸಹೋದ್ಯೋಗಿಗಳು ಬೆಳಿಗ್ಗೆ ಬೆಳಿಗ್ಗೆಯೇ ಸುಸ್ತಾಗಿರುತ್ತಾರೆ ಅಂತ ಒಂದು ವಾರದಲ್ಲಿ ಗೊತ್ತಾಗಿಬಿಡುತ್ತದೆ.

ಸಾಮಾನಿನ ಬಗ್ಗೆಯೂ ಕೇಳುತ್ತಾರೆ. ಮಂಚ, ಫ್ರಿಜ್, ವಾಷಿಂಗ್ ಮಷೀನ್ ಈಗಲೇ ಲಾರಿಗೆ ಹಾಕಬೇಡಿ. ಸಾಮಾನು ಮೊದಲು ಹೋಗಿ ಕೂತರೆ ಸಿಕ್ಕ ಮನೆಗೆ ಹೂಂ ಅನ್ನಲೇಬೇಕಾಗುತ್ತದೆ. ಒಂದೆರಡು ತಿಂಗಳು ಯಾರದ್ದಾದರೂ ಮನೆಯಲ್ಲಿ ಇಡಿ, ಇಲ್ಲವೇ ಮಾರಿಬಿಡಿ. ಹಳೇ ಮಂಚವನ್ನು ಅಲ್ಲಿಗೆ ಸಾಗಿಸುವ ಖರ್ಚಿನಲ್ಲಿ ಅಲ್ಲೇ ಒಂದು ಸೆಕೆಂಡ್‌ಹ್ಯಾಂಡ್ ಮಂಚ ಸಿಗುತ್ತಾ ಅಂತ ಮೊದಲು ವಿಚಾರಿಸಿ.