ಮಾಯಬಾರದ ಗಾಯ: ಗ್ಲಾಕೋಮಾ ಆಪರೇಷನ್ ನಂತರದ ವಾರಗಳು

ಪೊರೆ ಆಪರೇಷನ್ ಆದ ಮರುದಿನ ಪಟ್ಟಿ ಬಿಚ್ಚಿದರೆ ಗೋಡೆಯ ಕ್ಯಾಲೆಂಡರ್ ಕೂಡ ಓದಲು ಬರುತ್ತದೆ. ಅದೇ ಆಸೆ ಇಟ್ಟುಕೊಂಡು ಜಗಳೂರು, ಚನ್ನಗಿರಿ ಕಡೆಯಿಂದ ದಾವಣಗೆರೆಗೆ ಗ್ಲಾಕೋಮಾ ಆಪರೇಷನ್‌ಗೆ ಬರುವವರು ಇದ್ದಾರೆ. ಅವರಿಗೆ ಮೊದಲೇ ಬಿಡಿಸಿ ಹೇಳಬೇಕು: ಇದರಿಂದ ದೃಷ್ಟಿ ಹೆಚ್ಚಾಗುವುದಿಲ್ಲ. ಗ್ಲಾಕೋಮಾ ಅಂದರೆ ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡಕ್ಕೆ ಸಿಕ್ಕಿ ನೋಟದ ನರ ಸಾಯುವ ರೋಗ; ಹಾಗೆ ಸತ್ತ ನರ ಮತ್ತೆ ಚಿಗುರುವುದಿಲ್ಲ. ಉಳಿದಿರುವುದನ್ನು ಕಾಯಲಿಕ್ಕೆ ಮಾಡುವ ಕೆಲಸ ಇದು. ಮೊದಲ ಕೆಲವು ವಾರ ಹಿಂದಿಗಿಂತ ಮಂಜಾಗಿ ಕಂಡರೂ ಆಶ್ಚರ್ಯವಿಲ್ಲ.

ಕಣ್ಣಿನೊಳಗೆ ನಿಮಿಷಕ್ಕೆ ಸುಮಾರು 2.5 ಮೈಕ್ರೋಲೀಟರ್ ನೀರು ಹುಟ್ಟುತ್ತದೆ. ಕರಿಗುಡ್ಡೆಯ ಅಂಚಿನ ಜಾಲರಿಯಲ್ಲಿ ಅಷ್ಟೇ ನೀರು ಸೋರಿಹೋಗಬೇಕು. ಆಗ ಒತ್ತಡ 10ರಿಂದ 21 ಮಿ.ಮೀ. ಪಾದರಸದೊಳಗೆ ನಿಲ್ಲುತ್ತದೆ. ಮಾರಿಕಣಿವೆ ಜಲಾಶಯ 2022ರಲ್ಲಿ ತುಂಬಿದಾಗ ಹೆಚ್ಚಿನ ನೀರು ಕೋಡಿಯಲ್ಲಿ ಹರಿಯಿತು. ಕಣ್ಣಿಗೆ ಕೋಡಿ ಇಲ್ಲ, ಇರುವುದು ತೂಬು ಮಾತ್ರ. ಟಿಮೊಲಾಲ್ ಎಂಬ ಹನಿ ಮದ್ದು ಒಳಹರಿವನ್ನು ತಗ್ಗಿಸುತ್ತದೆ (ದಮ್ಮು ಇರುವವರಿಗೆ ಅದು ಆಗದು, ಮೊದಲೇ ಹೇಳಿ), ರಾತ್ರಿ ಒಂದು ಹನಿ ಲಟಾನೊಪ್ರಾಸ್ಟ್ ಹೊರಹರಿವನ್ನು ಹೆಚ್ಚಿಸುತ್ತದೆ. ಹನಿ ಮದ್ದಿಗೂ ಲೇಸರ್‌ಗೂ ಬಗ್ಗದಿದ್ದರೆ ಹೊಸ ತೂಬು ತೆಗೆಯಬೇಕು. ಅದೇ ಟ್ರಾಬೆಕ್ಯುಲೆಕ್ಟಮಿ, 1968ರಿಂದ ನಡೆದುಬಂದ ವಿಧಾನ.

ಮೇಲಿನ ರೆಪ್ಪೆಯ ಅಡಿಯಲ್ಲಿ ಬಿಳಿಗುಡ್ಡೆಯ ಮೇಲಿನ ತೆಳು ಪದರವನ್ನು ಬಿಡಿಸಿ, ಬಿಳಿಗುಡ್ಡೆಯಲ್ಲಿ ಸುಮಾರು 4 ಮಿ.ಮೀ. ಚೌಕದ, ಅರ್ಧ ದಪ್ಪದ ಒಂದು ಮುಚ್ಚಳ ಎಬ್ಬಿಸುತ್ತಾರೆ. ಅದರ ಕೆಳಗೆ ಒಂದು ತೂತು. ಒಳಗಿನ ಬಣ್ಣದ ಪರದೆ ಬಂದು ಆ ತೂತಿಗೆ ಅಡ್ಡ ಕೂರಬಾರದೆಂದು ಪರದೆಯ ಅಂಚಿನಿಂದ ಒಂದು ಚೂರು ಕತ್ತರಿಸುತ್ತಾರೆ. ಆಮೇಲೆ ಮುಚ್ಚಳಕ್ಕೆ ಕೂದಲಿಗಿಂತ ಸಣ್ಣ 10-0 ನೈಲಾನ್ ದಾರದ ಹೊಲಿಗೆ. ಬಿಗಿಯಾದರೆ ನೀರು ಹೋಗದು, ಸಡಿಲವಾದರೆ ಕಣ್ಣೇ ಕುಸಿಯುತ್ತದೆ. ಹೊರಬಂದ ನೀರು ರೆಪ್ಪೆಯ ಕೆಳಗೆ ಒಂದು ಮೆತ್ತನೆ ಗುಳ್ಳೆಯಾಗಿ ನಿಂತು, ನಿಧಾನವಾಗಿ ಇಂಗುತ್ತದೆ.

ಬೇರೆ ಆಪರೇಷನ್‌ಗಳಲ್ಲಿ ಗಾಯ ಬೇಗ ಮಾಯಲಿ ಅಂತ ಬೇಡಿಕೊಳ್ಳುತ್ತೇವೆ. ಇಲ್ಲಿ ಗಾಯ ಪೂರ್ತಿ ಕೂಡಿಕೊಂಡರೆ ತೂಬು ಮುಚ್ಚಿದಂತೆ. ಅದಕ್ಕೇ ಟೇಬಲ್ ಮೇಲೆಯೇ ಮಿ.ಲೀ.ಗೆ 0.2ರಿಂದ 0.4 ಮಿ.ಗ್ರಾಂ. ಬಲದ, ಕಲೆ ಕಟ್ಟದಂತೆ ತಡೆಯುವ ಮೈಟೋಮೈಸಿನ್ ಮದ್ದಿನಲ್ಲಿ ಅದ್ದಿದ ಸ್ಪಂಜನ್ನು ಎರಡು ಮೂರು ನಿಮಿಷ ಇಟ್ಟು ಚೆನ್ನಾಗಿ ತೊಳೆಯುತ್ತಾರೆ. ಅದಕ್ಕೇ ಸ್ಟೀರಾಯ್ಡ್ ಹನಿ, ಸಾಮಾನ್ಯವಾಗಿ ಪ್ರೆಡ್ನಿಸೊಲೋನ್ 1%, ಮೊದಮೊದಲು ಎರಡು ಗಂಟೆಗೊಮ್ಮೆ, ಆಮೇಲೆ ಇಳಿಸುತ್ತಾ ಎರಡು ಮೂರು ತಿಂಗಳು. ಕಣ್ಣು ಬೆಳ್ಳಗಾಯಿತಲ್ಲ ಅಂತ ಎರಡನೇ ವಾರಕ್ಕೇ ನಿಲ್ಲಿಸುವುದು ಆಪರೇಷನ್ ಕೆಡಲು ಸುಲಭದ ದಾರಿ. ಬಾಟಲಿಯ ಮದ್ದು ತಳಕ್ಕೆ ಕೂರುತ್ತದೆ, ಅಲ್ಲಾಡಿಸದೆ ಹಾಕಿದರೆ ಬೀಳುವುದು ಹೆಚ್ಚಾಗಿ ನೀರೇ. ಎರಡು ಬೇರೆ ಹನಿಗಳ ನಡುವೆ ಐದು ನಿಮಿಷ ಬಿಡಿ; ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿಯಿರಿ.

ಇನ್ನೊಂದು ಎಡವಟ್ಟು ಎರಡು ಕಣ್ಣಿನ ಲೆಕ್ಕದ್ದು. ಆಪರೇಷನ್ ಆದ ಕಣ್ಣಿಗೆ ಹಳೆಯ ಒತ್ತಡದ ಹನಿಯನ್ನು ಸಾಮಾನ್ಯವಾಗಿ ನಿಲ್ಲಿಸುತ್ತಾರೆ, ಇನ್ನೊಂದು ಕಣ್ಣಿಗೆ ಮುಂದುವರಿಸಬೇಕು. ಮನೆಯಲ್ಲಿ ಇದು ಅದಲುಬದಲಾಗುತ್ತದೆ, ಇಲ್ಲವೇ ಎರಡಕ್ಕೂ ನಿಂತುಹೋಗುತ್ತದೆ. ಬಾಟಲಿಯ ಮೇಲೆ 'ಎಡ', 'ಬಲ' ಅಂತ ಪ್ಲಾಸ್ಟರ್ ಅಂಟಿಸಿ ಬರೆಯಿರಿ.

ತಪಾಸಣೆ ಮರುದಿನ, ಆಮೇಲೆ ಸುಮಾರು ಒಂದೂವರೆ ತಿಂಗಳು ವಾರಕ್ಕೊಮ್ಮೆ. ಒತ್ತಡ ಮತ್ತೆ ಏರುತ್ತಿದ್ದರೆ ಎರಡನೇ ವಾರದ ನಂತರ ಒಂದೊಂದೇ ಹೊಲಿಗೆಯನ್ನು ಲೇಸರ್‌ನಿಂದ ಕತ್ತರಿಸಿ ಮುಚ್ಚಳ ಸಡಿಲಿಸಬಹುದು. ತಿಂಗಳುಗಟ್ಟಲೆ ತಡವಾದರೆ ಅಲ್ಲಿ ಆಗಲೇ ಗಟ್ಟಿ ಕಲೆ ಕಟ್ಟಿರುತ್ತದೆ, ಹೊಲಿಗೆ ಕತ್ತರಿಸಿ ಫಲವಿಲ್ಲ. "ಗೋವಿನಜೋಳದ ಒಕ್ಕಲು ಮುಗಿಸಿ ಬರ್ತೀನಿ" ಅನ್ನುವವರಿಗೆ ಇದನ್ನು ಒತ್ತಿ ಹೇಳಬೇಕು. ಒತ್ತಡ 5ಕ್ಕಿಂತ ಕೆಳಗಿಳಿದರೂ ಖುಷಿಪಡುವಂಥದ್ದಲ್ಲ: ಗುಳ್ಳೆ ಸೋರುತ್ತಿರಬಹುದು, ಕಣ್ಣಿನ ಒಳಪದರ ಊದಿಕೊಂಡು ದೃಷ್ಟಿ ಮಸುಕಾಗಬಹುದು. ಹಳದಿ ಬಣ್ಣದ ಕಾಗದ ತಾಗಿಸಿ ನೀಲಿ ಬೆಳಕಲ್ಲಿ ನೋಡುವುದು ಆ ಸೋರಿಕೆಯನ್ನೇ.

ಈ ವಾರಗಳಲ್ಲಿ ತಲೆಹೊರೆ, ಬಗ್ಗಿ ಮಾಡುವ ಕೆಲಸ, ಕಣ್ಣುಜ್ಜುವುದು ಬೇಡ. ತಲೆಸ್ನಾನ ಡಾಕ್ಟರು ಹೇಳಿದ ಮೇಲೆಯೇ. ರಾತ್ರಿ ಪ್ಲಾಸ್ಟಿಕ್ ಕವಚ ಕಟ್ಟಿ ಮಲಗಿ. ಆಪರೇಷನ್ ಫೆಬ್ರವರಿಯಲ್ಲಾದರೆ ಹೋಳಿಯ ಬಣ್ಣದ ನೀರು, ನಾಯಕನಹಟ್ಟಿ ಜಾತ್ರೆಯ ಧೂಳು ಮತ್ತು ಕೊಬ್ಬರಿ ಸುಡುವ ಹೊಗೆ, ಎರಡೂ ಎದುರಿಗೇ ಬರುತ್ತವೆ. ಆ ವರ್ಷ ಮನೆಯಿಂದಲೇ ಕೈಮುಗಿದರೆ ಸಾಕು.

ಗುಳ್ಳೆ ಕೆಲಸ ಮಾಡುವಷ್ಟು ವರ್ಷವೂ ಅಲ್ಲಿ ಕಣ್ಣಿನ ಗೋಡೆ ತೆಳು. ಹತ್ತು ವರ್ಷ ಕಳೆದಿದ್ದರೂ ಆ ಕಣ್ಣು ಕೆಂಪಾಗಿ, ನೋವು, ಪಿಸುರು, ಮಂಜು ಬಂದರೆ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ಮೆಡಿಕಲ್ ಶಾಪಿನಲ್ಲಿ ಹನಿ ಕೇಳುವುದಲ್ಲ. ಸೋಂಕು ಒಳಗಿಳಿದರೆ ಒಂದೆರಡು ದಿನದಲ್ಲೇ ಕಣ್ಣು ಹೋಗಬಹುದು.

ಕೋರ್ಸ್ ಮುಗಿದ ಮೇಲೆ ಉಳಿದ ಸ್ಟೀರಾಯ್ಡ್ ಬಾಟಲಿಯನ್ನು ಚೆಲ್ಲಿಬಿಡಿ. ಅಡಿಕೆ ಸುಲಿಯುವಾಗ ಧೂಳು ಬಿತ್ತೆಂದು ಮನೆಯವರು ಅದನ್ನೇ ಎತ್ತಿ ಹಾಕಿಕೊಳ್ಳುತ್ತಾರೆ. ವಾರಗಟ್ಟಲೆ ಹಾಕಿದರೆ ಕೆಲವರಿಗೆ ಅದೇ ಮದ್ದು ಕಣ್ಣಿನ ಒತ್ತಡ ಏರಿಸುತ್ತದೆ. ರೋಗಿಯ ಅಣ್ಣತಮ್ಮ, ಅಕ್ಕತಂಗಿ, ಮಕ್ಕಳಲ್ಲಿ ಆ ಅಪಾಯ ಇನ್ನೂ ಜಾಸ್ತಿ. ನಲವತ್ತು ದಾಟಿದ ಒಡಹುಟ್ಟಿದವರನ್ನು ಮುಂದಿನ ತಪಾಸಣೆಗೆ ಜೊತೆಯಲ್ಲೇ ಕರೆದುಕೊಂಡು ಹೋಗಿ, ಅವರ ಕಣ್ಣಿನ ಒತ್ತಡವನ್ನೂ ನರವನ್ನೂ ನೋಡಿಸಿ.